ಮೂರನೆಯ ವಕೀಲರು

ಗಾಜಿನ ಬಾಟಲಿ ಕಾರ್ಖಾನೆಯ ಮೂರನೇ ಬೆಲ್ಟಿನ ಮುಂದೆ ಹದಿನೇಳು ವರ್ಷ ಕೂತವಳನ್ನು ಎಲ್ಲರೂ ಕಣ್ಣಕ್ಕ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಅವಳ ಕೆಲಸ ಅಂದರೆ ನೋಡುವುದು. ಎದುರಿಗೆ ಬೆಳಕು ತುಂಬಿದ ಬಿಳಿ ಹಲಗೆ, ಅದರ ಮುಂದೆ ಸಾಲಾಗಿ ಸಾಗುವ ಖಾಲಿ ಬಾಟಲಿಗಳು. ಮಕ್ಕಳ ಔಷಧಿ ತುಂಬುವ ಅಂಗೈಯಷ್ಟುದ್ದದ ಬಾಟಲಿಗಳು. ಗುಳ್ಳೆ ಇದ್ದರೆ, ಗೀರು ಇದ್ದರೆ, ಬಾಯಿ ಸೊಟ್ಟಗಿದ್ದರೆ ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ಇಪ್ಪತ್ತು ನಿಮಿಷ ನೋಡಿ, ದಾಖಲೆ ಪುಸ್ತಕದಲ್ಲಿ ಸಹಿ ಹಾಕಿ ಎದ್ದರೆ ಹತ್ತು ನಿಮಿಷ ಕಣ್ಣಿಗೆ ಬಿಡುವು. ಆಗ ಜೊತೆಗಾತಿ ಆ ಜಾಗದಲ್ಲಿ ಕೂರುತ್ತಿದ್ದಳು.

ತಪ್ಪುಗಳಲ್ಲೆಲ್ಲ ಕೆಟ್ಟದ್ದಕ್ಕೆ ಅವರು ಇಟ್ಟ ಹೆಸರು ಜೋಕಾಲಿ. ಬಾಟಲಿಯ ಒಳಗೆ ಈ ಗೋಡೆಯಿಂದ ಆ ಗೋಡೆಗೆ ಕೂದಲೆಳೆಯಂಥ ಗಾಜಿನ ಎಳೆ ತೂಗಿಕೊಂಡಿರುತ್ತದೆ. ಔಷಧಿ ತುಂಬಿದ ಮೇಲೆ ಯಾರಾದರೂ ಅಲುಗಾಡಿಸಿದರೆ ಅದು ಮುರಿದು ಒಳಗೇ ಬೀಳುತ್ತದೆ. ವರ್ಷಕ್ಕೆ ಎರಡೋ ಮೂರೋ ಸಿಕ್ಕರೆ ಹೆಚ್ಚು. ಆ ದಿನ ಮಧ್ಯಾಹ್ನ ಮಾತ್ರ ಒಂದೇ ಸರದಿಯಲ್ಲಿ ಹನ್ನೊಂದು ಸಿಕ್ಕವು.

ಕಣ್ಣಕ್ಕ ಸೂಪರ್‌ವೈಸರನ್ನು ಕೂಗಿದಳು.

"ಅಚ್ಚಿನಲ್ಲೇ ಏನೋ ಎಡವಟ್ಟಾಗಿದೆ ಸರ್. ಬೆಲ್ಟ್ ನಿಲ್ಲಿಸಿ."

"ಸಿಕ್ಕಿದ್ದನ್ನ ಎತ್ತಿಹಾಕಿ, ಉಳಿದದ್ದು ಹೋಗ್ಲಿ. ಲಾರಿ ಬಂದು ಎರಡು ಗಂಟೆ ಆಯ್ತು," ಅಂದ ಸೂಪರ್‌ವೈಸರ್.

"ನನಗೆ ಹನ್ನೊಂದು ಕಂಡಿದ್ದರೆ ಕಾಣದೆ ಹೋಗಿದ್ದು ಎಷ್ಟಿರಬೇಡ?"

ಅವನು ಕೈಗಡಿಯಾರ ನೋಡಿಕೊಂಡ. ಅಷ್ಟರಲ್ಲಿ ಹನ್ನೆರಡನೆಯದು ಬಂತು. ಕಣ್ಣಕ್ಕ ಕೈಚಾಚಿ ಕೆಂಪು ಗುಂಡಿ ಒತ್ತಿಯೇಬಿಟ್ಟಳು. ಬೆಲ್ಟು ಐವತ್ತೈದು ನಿಮಿಷ ನಿಂತಿತು.

ಬೆಲ್ಟು ನಿಂತ ಇಪ್ಪತ್ತು ನಿಮಿಷಕ್ಕೆ ಅವಳಿಗೆ ಮ್ಯಾನೇಜರ್ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ಆಗಲೇ ಟೈಪ್ ಮಾಡಿದ ಒಂದು ಹಾಳೆ ಇತ್ತು. "ಬೆಲ್ಟ್ ನಿಂತಿದ್ದರ ಬಗ್ಗೆ. ಒಂದು ಸೈನ್ ಹಾಕಿ ಹೋಗಿ," ಅಂದರು ಮ್ಯಾನೇಜರ್, ಫೋನಿನಿಂದ ತಲೆ ಎತ್ತದೆ. ಅವಳಿಗೆ ಬೆಲ್ಟಿನ ಚಿಂತೆ. ಬಾಟಲಿಯೊಳಗಿನ ಕೂದಲೆಳೆ ಕಾಣುವವಳು ಹಾಳೆಯ ಮೇಲಿದ್ದ ಆರು ಸಾಲು ಓದಲಿಲ್ಲ. ಸಹಿ ಹಾಕಿ ಓಡಿದಳು.

ಎಂಟು ದಿನ ಕಳೆದು ಮನೆಗೆ ಕಾಗದ ಬಂತು. 'ತಮ್ಮ ವೈಯಕ್ತಿಕ ಕಾರಣಗಳಿಂದ ತಾವು ಸಲ್ಲಿಸಿದ ರಾಜೀನಾಮೆಯನ್ನು ಸ್ವೀಕರಿಸಲಾಗಿದೆ.' ಕಣ್ಣಕ್ಕ ಅದನ್ನು ನಾಲ್ಕು ಸಲ ಓದಿದಳು. ಮರುದಿನ ಬೆಳಿಗ್ಗೆ ಎಂದಿನಂತೆ ಹೋದರೆ ಗೇಟಿನವನು ಒಳಗೆ ಬಿಡಲಿಲ್ಲ. ಹದಿನೇಳು ವರ್ಷ ದಿನಾ "ಊಟ ಆಯ್ತಾ ಅಕ್ಕ" ಅಂತ ಕೇಳುತ್ತಿದ್ದ ಮನುಷ್ಯ ಅವತ್ತು ಅವಳ ಚಪ್ಪಲಿ ನೋಡುತ್ತಾ ಮಾತಾಡಿದ.

ಮನೆಯಲ್ಲಿದ್ದವರು ಮೂವರು: ಪಾರ್ಸೆಲ್ ವ್ಯಾನ್ ಓಡಿಸುವ ಗಂಡ, ಅತ್ತೆ, ಮತ್ತೆ ಅವಳು. ಅತ್ತೆಗೂ ಸೊಸೆಗೂ ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. ಏನಿದ್ದರೂ ಮಗನ ಮೂಲಕ. ಸೊಸೆ ಎದುರಿಗೇ ಕೂತಿದ್ದರೂ "ನಿನ್ನ ಹೆಂಡ್ತಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿ" ಅನ್ನುವ ಜಾತಿ. ಮಗ ಮನೆಯಲ್ಲಿ ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು.

"ಹೋಗ್ಲಿ ಬಿಡು. ಕಂಪನಿ ಮೇಲೆ ಕೇಸು ಹಾಕಿ ಗೆದ್ದವರನ್ನ ನಾನಂತೂ ನೋಡಿಲ್ಲ. ಬೇರೆ ಕಡೆ ಹುಡುಕು," ಅಂದ ಗಂಡ.

"ನಾನು ರಾಜೀನಾಮೆ ಕೊಟ್ಟಿಲ್ಲ," ಅಂದಳು ಕಣ್ಣಕ್ಕ.

"ಸೈನ್ ಹಾಕಿದ್ದೀಯಲ್ಲ?"

ಹಾಕಿದ್ದು ನಿಜ. ಆದರೂ ಬಿಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ಕೆಲಸದಿಂದ ತೆಗೆದುಹಾಕಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ತಾನಾಗಿಯೇ ಬಿಟ್ಟುಹೋದಳು ಅಂತ ಬರೆದಿದ್ದನ್ನು ಮಾತ್ರ ನುಂಗಲಾಗಲಿಲ್ಲ.

ವಕೀಲರನ್ನು ಹುಡುಕುವ ಹೊಣೆಯನ್ನು ಮೈದುನ ತಾನಾಗಿ ತಲೆಮೇಲೆ ಹಾಕಿಕೊಂಡ. ಈ ಮೈದುನ ಟೈರ್ ಅಂಗಡಿ ಇಟ್ಟವನು. ಊರಲ್ಲಿ ತನಗೆ ಗೊತ್ತಿಲ್ಲದವರೇ ಇಲ್ಲ ಅನ್ನುವುದು ಅವನ ನಂಬಿಕೆ. "ಅತ್ತಿಗೆ, ನೀವು ತಲೆ ಕೆಡಿಸ್ಕೋಬೇಡಿ. ಹಾಕಿದ್ರೆ ದೊಡ್ಡ ವಕೀಲರನ್ನೇ ಹಾಕೋಣ, ಅವರು ನಡುಗಬೇಕು," ಅಂತ ಫೋನಿನಲ್ಲಿ ಹುಡುಕಿ, ಜನ ಅತಿ ಹೆಚ್ಚು ನಕ್ಷತ್ರ ಕೊಟ್ಟಿದ್ದ ಕಚೇರಿಗೆ ಸಮಯ ಗೊತ್ತುಮಾಡಿದ.

ಆ ಕಚೇರಿ ಆರನೇ ಮಹಡಿಯಲ್ಲಿತ್ತು. ನೆಲಕ್ಕೆ ಹಾಸಿದ ಕಾರ್ಪೆಟ್ ಎಷ್ಟು ದಪ್ಪ ಅಂದರೆ ತನ್ನ ಹೆಜ್ಜೆ ಸಪ್ಪಳ ತನಗೇ ಕೇಳದೆ ಕಣ್ಣಕ್ಕ ಎರಡು ಸಲ ಕೆಳಗೆ ನೋಡಿಕೊಂಡಳು. ಮಾತಾಡುವುದಕ್ಕೂ ಮೊದಲೇ ನಾಲ್ಕು ದಿನದ ಸಂಬಳದಷ್ಟು ಫೀಸು ಕಟ್ಟಿಸಿಕೊಂಡರು. ಒಳಗಿದ್ದ ದೊಡ್ಡ ವಕೀಲರು ನಯವಾದ ಮನುಷ್ಯ. ನೀರು ತರಿಸಿದರು, ಕೂರಿಸಿದರು, ಪೆನ್ನಿನ ಮುಚ್ಚಳ ತೆಗೆದರು.

"ಯಾವ ಕಾರ್ಖಾನೆ?"

ಹೇಳಿದಳು. ಅವರು ಪೆನ್ನಿನ ಮುಚ್ಚಳ ಮತ್ತೆ ಹಾಕಿದರು.

"ಮುಂದೆ ಏನೂ ಹೇಳಬೇಡಿ ತಾಯಿ. ಅವರು ನಮ್ಮ ಕಕ್ಷಿದಾರರು. ನಿಮ್ಮ ವಿಷಯ ನಾನು ಕೇಳಿಸಿಕೊಳ್ಳೋ ಹಾಗೇ ಇಲ್ಲ."

ಮೈದುನ ಮುಖ ಸಣ್ಣಗೆ ಮಾಡಿಕೊಂಡ. ಫೀಸು ಪೂರ್ತಿ ವಾಪಸ್ ಬಂತು, ಅದು ಅವರ ದೊಡ್ಡತನ. ಬಾಗಿಲವರೆಗೆ ಬಂದು ಒಂದು ಮಾತನ್ನೂ ಹೇಳಿದರು: "ನಮ್ಮ ಕಸುಬಲ್ಲಿ ಮಾಲೀಕರ ಕಡೆಯವರು ಬೇರೆ, ಕೆಲಸಗಾರರ ಕಡೆಯವರು ಬೇರೆ. ಯಾರ ಹತ್ತಿರ ಹೋದರೂ ಮೊದಲು ಅದನ್ನ ಕೇಳಿ."

ಆ ಮಾತನ್ನು ಮೈದುನ ಲಿಫ್ಟಿನಲ್ಲೇ ಮರೆತ. ವಾರದೊಳಗೆ ಎರಡನೆಯವರನ್ನು ಹುಡುಕಿದ್ದ. ಅವನ ಅಂಗಡಿಯ ಬಾಡಿಗೆ ಕರಾರು ಮಾಡಿಸಿಕೊಟ್ಟವರು, ಮನೆ ಜಾಗದ ಪತ್ರಗಳಲ್ಲಿ ಪಳಗಿದವರು. ಕಚೇರಿ ತುಂಬ ಜನ. ಅವರು ಕಣ್ಣಕ್ಕನ ಕಥೆಯನ್ನು ಅರ್ಧ ಕೇಳಿ, "ಅರೆ, ಇದೇನು ಮಹಾ! ಗೆದ್ದೇ ಗೆಲ್ತೀವಿ. ಎರಡು ವರ್ಷದ ಸಂಬಳ ಕಕ್ಕಿಸ್ತೀನಿ," ಅಂದರು. ಮುಂಗಡ ಅಂತ ಅರ್ಧ ತಿಂಗಳ ಸಂಬಳ ಇಸಕೊಂಡರು. ರಸೀದಿ ಕೇಳಿದ್ದಕ್ಕೆ "ನಮ್ಮ ನಿಮ್ಮ ಮಧ್ಯೆ ರಸೀದಿ ಯಾಕಮ್ಮ" ಅಂತ ನಕ್ಕರು. ನೇಮಕದ ಪತ್ರ, ಸಂಬಳದ ಚೀಟಿಗಳು, ಕಂಪನಿಯಿಂದ ಬಂದ ಕಾಗದ, ಎಲ್ಲ ಅಸಲನ್ನೂ ಒಂದು ಹಳದಿ ಫೈಲಿಗೆ ತುಂಬಿ ಬೀರುವಿಗೆ ಹಾಕಿದರು.

ಆಮೇಲೆ ಶುರುವಾಯಿತು ನೋಡಿ, ಮುಂದಿನ ವಾರದ ಆಟ. ಹೋದಾಗಲೆಲ್ಲ "ಮುಂದಿನ ವಾರ ಬನ್ನಿ." ಫೋನ್ ಮಾಡಿದರೆ ಗುಮಾಸ್ತ ಎತ್ತಿ "ಸಾಹೇಬರು ಕೋರ್ಟಲ್ಲಿದ್ದಾರೆ." ಒಂದು ಸಲ ಹಿಂದಿನಿಂದ ಸಾಹೇಬರ ದನಿ ಸ್ಪಷ್ಟವಾಗಿ ಕೇಳಿಸುತ್ತಲೇ ಇತ್ತು. ಹೀಗೆ ಏಳು ವಾರ ಉರುಳಿದವು.

ಅಷ್ಟರಲ್ಲಿ ಕಣ್ಣಕ್ಕ ಒಂದು ಲಾಂಡ್ರಿಯಲ್ಲಿ ದಿನಗೂಲಿಗೆ ಸೇರಿದ್ದಳು. ಆಸ್ಪತ್ರೆಯ ಹೊದಿಕೆಗಳನ್ನು ಮಡಿಸುವ ಕೆಲಸ. ಸಂಬಳ ಮೊದಲಿನದ್ದರ ಅರ್ಧ. ಬೇರೆ ಕಡೆ ಅರ್ಜಿ ಹಾಕೋಣ ಅಂತ ಒಂದು ಮಧ್ಯಾಹ್ನ ಬರೆದ ಅರ್ಜಿಯನ್ನೂ ಹಳೆಯ ಪ್ರಮಾಣಪತ್ರಗಳನ್ನೂ ಜೆರಾಕ್ಸ್ ಮಾಡಿಸಲು ಕಾರ್ಮಿಕ ಕಚೇರಿಯ ಎದುರಿನ ಅಂಗಡಿಗೆ ಹೋದಳು. ಜೆರಾಕ್ಸಿನವರು ಕನ್ನಡಕವನ್ನು ಹಣೆಗೇರಿಸಿ ಒಂದೊಂದೇ ಹಾಳೆ ಇಡುತ್ತಾ, "ಹದಿನೇಳು ವರ್ಷ ಒಂದೇ ಕಡೆನಾ? ಯಾಕಮ್ಮ ಬಿಟ್ಟಿರಿ?" ಅಂತ ಕೇಳಿದರು.

"ಬಿಡಲಿಲ್ಲ. ಬಿಟ್ಟೆ ಅಂತ ಬರೆಸಿಕೊಂಡರು."

ಅವರು ಯಂತ್ರ ನಿಲ್ಲಿಸಿದರು. "ವಕೀಲರು ಯಾರು?"

ಹೆಸರು ಹೇಳಿದ್ದಕ್ಕೆ ಅವರು ಮೂಗು ಮುರಿದರು. "ಅವರು ಜಾಗದ ಪತ್ರದವರಲ್ವಾ? ಕಾಲು ನೋವಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋದಂಗಾಯ್ತು. ನೋಡಿ, ಈ ಬೀದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೀನಿ. ಯಾವ ವಕೀಲರ ಕಡೆಯವರು ಒಂದೇ ಕಾಗದಕ್ಕೆ ನಾಲ್ಕು ಸಲ ಬರ್ತಾರೆ, ಯಾರ ಕಡೆಯವರು ಒಂದು ಸಲಕ್ಕೇ ಎಲ್ಲ ಜೋಡಿಸಿಕೊಂಡು ಹೋಗ್ತಾರೆ, ಅಷ್ಟು ನನಗೆ ಗೊತ್ತಾಗುತ್ತೆ. ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿ ಅಂಗಡಿ ಮೇಲೆ ಒಬ್ಬರು ಲಾಯರಮ್ಮ ಇದ್ದಾರೆ. ಕೆಲಸಗಾರರ ಕೇಸು ಬಿಟ್ಟು ಬೇರೆ ಮುಟ್ಟಲ್ಲ. ಬಾಯಿ ಸ್ವಲ್ಪ ಒರಟು."

ಕಣ್ಣಕ್ಕ ಆವತ್ತೇ ಹೋದಳು. ಮೈದುನನಿಗೆ ಹೇಳಲಿಲ್ಲ.

ಮೇಲಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಗೋಡೆಯುದ್ದಕ್ಕೂ ಫೈಲು. ಲಾಯರಮ್ಮನಿಗೆ ಐವತ್ತರ ಮೇಲಾಗಿರಬೇಕು, ಕತ್ತರಿಸಿದ ನರೆಗೂದಲು. ಮೇಜಿನ ಮೇಲೆ ಅಡುಗೆಮನೆಯಲ್ಲಿ ಇಡುವಂಥ ಒಂದು ಗುಂಡಗಿನ ಟೈಮರ್. ಅದನ್ನು ತಿರುಗಿಸಿ ಇಟ್ಟು ಹೇಳಿದರು:

"ಅರ್ಧ ಗಂಟೆ. ಇದರ ಫೀಸು ನಿಮ್ಮ ಒಂದು ದಿನದ ಕೂಲಿ. ಅಳೋದಿದ್ರೆ ಕೊನೇ ಐದು ನಿಮಿಷ ಇಟ್ಕೊಳ್ಳಿ, ಮೊದಲು ವಿಷಯ ಹೇಳಿ."

ಅಳುವ ಯೋಚನೆಯೇ ಕಣ್ಣಕ್ಕನಿಗೆ ಇರಲಿಲ್ಲ. ಆದರೂ ಕಲಿತ ಪಾಠ ನೆನಪಾಯಿತು.

"ಮೊದಲು ನಾನೊಂದು ಕೇಳಬೇಕು. ನೀವು ಮಾಲೀಕರ ಕಡೆಯವರಾ, ಕೆಲಸಗಾರರ ಕಡೆಯವರಾ?"

ಲಾಯರಮ್ಮ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. "ಯಾರೋ ಸರಿಯಾಗೇ ಹೇಳಿಕೊಟ್ಟಿದ್ದಾರೆ. ಕೆಲಸಗಾರರ ಕಡೆ. ಹೇಳಿ."

ಹೇಳಿದಳು. ಜೋಕಾಲಿ, ಕೆಂಪು ಗುಂಡಿ, ಆರು ಸಾಲಿನ ಹಾಳೆ. ಲಾಯರಮ್ಮ ನಡುನಡುವೆ ತಡೆದು ದಿನ, ಸಮಯ, ಯಾರು ಎಲ್ಲಿ ನಿಂತಿದ್ದರು ಅಂತ ಮಾತ್ರ ಕೇಳಿದರು. ಕೊನೆಗೆ ಕ್ಯಾಲೆಂಡರ್ ತೆಗೆದು ಬೆರಳಿನಲ್ಲಿ ಎಣಿಸಿದರು.

"ಕಾಗದ ಕೈಗೆ ಬಂದ ದಿನದಿಂದ ತೊಂಬತ್ತು ದಿನದೊಳಗೆ ದೂರು ದಾಖಲಾಗಬೇಕು. ಇವತ್ತಿಗೆ ಎಪ್ಪತ್ತೊಂದು. ನಿಮ್ಮ ಆ ವಕೀಲರು ಇದನ್ನ ಹೇಳಲಿಲ್ವಾ?"

ಕಣ್ಣಕ್ಕ ಕ್ಯಾಲೆಂಡರಿನತ್ತ ಬಗ್ಗಿದಳು. "ಇಲ್ಲ. ಗೆದ್ದೇ ಗೆಲ್ತೀವಿ ಅಂದ್ರು."

"ನಾನು ಹಾಗನ್ನಲ್ಲ. ಗೆಲ್ಲಬಹುದು, ಸೋಲಬಹುದು. ಸೋತರೂ ನನ್ನ ಫೀಸು ಫೀಸೇ." ಒಂದು ಬಿಳಿ ಹಾಳೆ ಎಳೆದುಕೊಂಡು ಬರೆಯುತ್ತಾ ಹೋದರು. "ಮೊದಲ ಹಂತ, ಕಂಪನಿಗೆ ನೋಟಿಸು. ಅದಕ್ಕೆ ನಿಮ್ಮ ಹಳೇ ಸಂಬಳದಲ್ಲಿ ಹತ್ತು ದಿನದ್ದು. ಎಷ್ಟೋ ಕೇಸು ಅಲ್ಲಿಗೇ ಮುಗಿಯುತ್ತೆ. ಮುಗಿಯದಿದ್ರೆ ಕಾರ್ಮಿಕ ಅಧಿಕಾರಿ ಮುಂದೆ ದೂರು, ವಿಚಾರಣೆ. ಅದಕ್ಕೆ ಒಂದು ತಿಂಗಳದ್ದು, ಮೂರು ಕಂತಿನಲ್ಲಿ ಕೊಡಿ. ಅದಕ್ಕೂ ಮುಂದೆ ಕೋರ್ಟಿಗೆ ಹೋದ್ರೆ ಆಗ ಬೇರೆ ಮಾತಾಡೋಣ. ಪ್ರತಿ ಸಲ ರಸೀದಿ. ಬಂದ ದುಡ್ಡಿನಲ್ಲಿ ಪಾಲು ಕೇಳಲ್ಲ."

"ಏನಾದ್ರೂ ಕಮ್ಮಿ..."

"ಇಲ್ಲ."

ಟೈಮರ್ ಗಣಗಣ ಬಾರಿಸಿತು. ಕಣ್ಣಕ್ಕನಿಗೆ ವಿಚಿತ್ರವಾದ ನೆಮ್ಮದಿ. ಎರಡು ತಿಂಗಳಲ್ಲಿ ಮೊದಲ ಸಲ ಯಾರೋ ಅವಳಿಗೆ ಸುಳ್ಳು ಹೇಳಿರಲಿಲ್ಲ.

"ಎದ್ದ ತಕ್ಷಣ ಮಾಡಬೇಕಾದ್ದು ಒಂದು," ಅಂದರು ಲಾಯರಮ್ಮ. "ಅಸಲು ಕಾಗದ ತನ್ನಿ. ಕಾಗದ ಇಲ್ಲದೆ ನಾನು ನೋಟಿಸು ಬರೆದರೆ ಅದು ಬರೀ ಗೊಣಗಾಟ ಆಗುತ್ತೆ."

ಕಾಗದ ಕೇಳಲು ಹೋದರೆ ಎರಡನೆಯ ವಕೀಲರು ಮುಖ ಬಿಗಿದುಕೊಂಡರು. ಇಷ್ಟು ದಿನ ಕೆಲಸ ಮಾಡಿದ್ದೇನೆ, ಬಾಕಿ ಅರ್ಧ ತಿಂಗಳದ್ದು ಕೊಟ್ಟು ಫೈಲು ತೆಗೆದುಕೊಂಡು ಹೋಗಿ ಅಂದರು. ಕಣ್ಣಕ್ಕ ಬರಿಗೈಯಲ್ಲಿ ಮನೆಗೆ ಬಂದು ಗಂಡನಿಗೆ ಹೇಳಿದಳು. ಗಂಡ ತಮ್ಮನಿಗೆ ಫೋನ್ ಮಾಡಿದ. ತಮ್ಮ, ಅವರನ್ನು ಎದುರು ಹಾಕಿಕೊಂಡರೆ ತನ್ನ ಅಂಗಡಿ ಕರಾರಿನ ಗತಿ ಏನು ಅಂತ ತೊದಲಿದ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

ಮರುದಿನ ಬೆಳಿಗ್ಗೆ ಕಣ್ಣಕ್ಕ ಹೊರಟಾಗ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಮಗ ಕೆಲಸಕ್ಕೆ ಹೋಗಿಯಾಗಿತ್ತು. ಹಾಗಾಗಿ ಬಾಗಿಲಿಗೆ ಹೇಳಿದರು: "ನನಗೂ ಆ ಕಡೆ ಸ್ವಲ್ಪ ಕೆಲಸ ಇದೆ."

ವಕೀಲರ ಕಚೇರಿಯಲ್ಲಿ ಕಾಯುವವರಿಗೆಂದು ಎಂಟು ಕುರ್ಚಿ. ಏಳು ತುಂಬಿದ್ದವು. ಅತ್ತೆ ಎಂಟನೆಯದರಲ್ಲಿ ಕೂತು, ಕಾಲು ಚಾಚಿಕೊಂಡು, ಪಕ್ಕದ ಹೆಂಗಸನ್ನು ಕೇಳಿದರು:

"ನೀವು ಎಷ್ಟು ವಾರದಿಂದ ಬರ್ತಿದ್ದೀರಮ್ಮ?"

"ಆರು."

"ಮುಂಗಡಕ್ಕೆ ರಸೀದಿ ಕೊಟ್ಟರಾ?"

"ಇಲ್ಲ..."

"ನಮಗೂ ಕೊಡಲಿಲ್ಲ. ಇವಳು ನನ್ನ ಸೊಸೆ. ಏಳು ವಾರ ಆಯ್ತು. ತೊಂಬತ್ತು ದಿನಕ್ಕೆ ಗಡುವು ಮುಗಿಯುತ್ತೆ ಅಂತ ಒಂದು ಮಾತು ಹೇಳಲಿಲ್ಲ. ಈಗ ಕಾಗದ ವಾಪಸ್ ಕೊಡಿ ಅಂದ್ರೆ ಇನ್ನೂ ದುಡ್ಡು ತನ್ನಿ ಅಂತಾರೆ. ನಿಮ್ಮ ಕಾಗದ ಅಸಲಾ, ನಕಲಾ?"

ಅತ್ತೆಯದು ಏರುದನಿಯಲ್ಲ. ಸಂತೆಯಲ್ಲಿ ಬೆಲೆ ವಿಚಾರಿಸುವ ದನಿ. ಆದರೆ ಮೂಲೆಯವರೆಗೂ ಕೇಳಿಸುತ್ತಿತ್ತು. ಮೂರನೇ ಕುರ್ಚಿಯ ಮುದುಕರು ತಮ್ಮ ಚೀಲ ತೆರೆದು ಏನೋ ಹುಡುಕಲು ಶುರುಮಾಡಿದರು. ಗುಮಾಸ್ತ ಓಡಿಬಂದು "ಅಜ್ಜಿ, ಸ್ವಲ್ಪ ಮೆತ್ತಗೆ" ಅಂದ.

"ಮೆತ್ತಗೇ ಮಾತಾಡ್ತಿದ್ದೀನಪ್ಪ. ನನಗೇನು ಅವಸರ ಇಲ್ಲ. ಸಂಜೆವರೆಗೂ ಇರ್ತೀನಿ. ನಾಳೆನೂ ಬರ್ತೀನಿ."

ಹದಿನೈದು ನಿಮಿಷಕ್ಕೆ ಹಳದಿ ಫೈಲು ಹೊರಗೆ ಬಂತು. ಅದರ ಜೊತೆ ಲಕೋಟೆಯಲ್ಲಿ ಮುಂಗಡದ ಅರ್ಧ. ಉಳಿದರ್ಧ 'ಖರ್ಚಿಗೆ' ಹೋಯಿತಂತೆ. ಯಾವ ಖರ್ಚು ಅಂತ ಅತ್ತೆ ಕೇಳಲು ಬಾಯಿ ತೆರೆದಾಗ ಕಣ್ಣಕ್ಕ ಅವರ ಕೈ ಹಿಡಿದು ಎಬ್ಬಿಸಿದಳು. ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಎರಡು ನಿಲ್ದಾಣ ದಾಟಿದ ಮೇಲೆ ಅತ್ತೆ ಕಿಟಕಿಯಿಂದಾಚೆ ನೋಡುತ್ತಾ, "ಓದದೆ ಸೈನ್ ಹಾಕಬಾರದಿತ್ತು ನೀನು," ಅಂದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರು ಅವಳನ್ನು 'ನೀನು' ಅಂದಿದ್ದು ಅದೇ ಮೊದಲು.

"ಹೌದತ್ತೆ," ಅಂದಳು ಕಣ್ಣಕ್ಕ.

ಆ ಲಕೋಟೆಯ ದುಡ್ಡಿಗೆ ಐದು ದಿನದ ಲಾಂಡ್ರಿ ಕೂಲಿ ಸೇರಿಸಿ ಮೊದಲ ಹಂತದ ಫೀಸು ಕಟ್ಟಿದಳು. ನೋಟಿಸು ಹೋಯಿತು. ರಾಜೀನಾಮೆ ಎನ್ನಲಾದ ಹಾಳೆಯ ಪ್ರತಿಯನ್ನು ಏಳು ದಿನದೊಳಗೆ ಕಳಿಸಬೇಕು ಅಂತ ಲಾಯರಮ್ಮ ಅದರಲ್ಲಿ ಬರೆದಿದ್ದರು.

ಈ ನಡುವೆ ಸಾಕ್ಷಿಗೆ ಯಾರಾದರೂ ಬೇಕಿತ್ತು. ಕಣ್ಣಕ್ಕ ಜೊತೆಗಾತಿಯ ಮನೆಗೆ ಹೋದಳು. ಹನ್ನೆರಡು ಜೋಕಾಲಿಯನ್ನೂ ಕಣ್ಣಾರೆ ನೋಡಿದ್ದವಳು, ಮ್ಯಾನೇಜರ್ ಕರೆಸಿದ್ದನ್ನು ಕೇಳಿಸಿಕೊಂಡಿದ್ದವಳು. ಜೊತೆಗಾತಿ ಕಾಫಿ ಕೊಟ್ಟಳು, ಒಗೆದ ಬಟ್ಟೆ ಹರವುತ್ತಾ ಬೆನ್ನು ತಿರುಗಿಸಿಯೇ ಮಾತಾಡಿದಳು.

"ಕೇಳಬೇಡಿ ಅಕ್ಕ. ನನ್ನ ಗಂಡನಿಗೆ ಕೆಲಸ ಇಲ್ಲ ಅಂತ ನಿಮಗೆ ಗೊತ್ತು. ನಾನು ಬಂದು ನಿಂತರೆ ನಾಳೆ ನನ್ನ ಸರದಿ."

ಕಣ್ಣಕ್ಕ ಕಾಫಿ ಕುಡಿದು ಎದ್ದಳು. ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ನಾಲ್ಕು ದಿನ ಹೊದಿಕೆಗಳನ್ನು ಮಡಿಸುವಾಗೆಲ್ಲ ಅವಳನ್ನೇ ಮನಸ್ಸಿನಲ್ಲಿ ಬೈದುಕೊಂಡಳು. ಐದನೇ ದಿನ, ತಾನು ಅವಳ ಜಾಗದಲ್ಲಿದ್ದರೆ ಹೋಗಿ ನಿಲ್ಲುತ್ತಿದ್ದೆನೇ ಅಂತ ಕೇಳಿಕೊಂಡಳು. ಉತ್ತರ ಖಚಿತವಾಗಿ ಸಿಗದೆ ಬೈಯುವುದನ್ನು ಬಿಟ್ಟಳು.

ಕಂಪನಿಯ ಉತ್ತರ ಎಂಬತ್ತನಾಲ್ಕನೇ ದಿನ ಬಂತು. ಲಾಯರಮ್ಮ ಫೋನ್ ಮಾಡಿ ಕರೆಸಿ, ಹಾಳೆಯ ನಕಲನ್ನು ಅವಳ ಮುಂದಿಟ್ಟರು.

"ಇದೇನಾ ನೀವು ಸೈನ್ ಹಾಕಿದ್ದು? ನಿಧಾನವಾಗಿ ನೋಡಿ. ಅವತ್ತು ನೋಡದೇ ಇದ್ದದ್ದನ್ನೂ ಸೇರಿಸಿ ಇವತ್ತು ನೋಡಿ."

ಕಣ್ಣಕ್ಕ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆರು ಸಾಲು. ವೈಯಕ್ತಿಕ ಕಾರಣ, ಸ್ವಇಚ್ಛೆ, ಯಾರ ಒತ್ತಡವೂ ಇಲ್ಲ. ಕೆಳಗೆ ಅವಳ ಸಹಿ. ಸಹಿಯ ಕೆಳಗೆ ಒಂದು ಸಣ್ಣ ಗೀಚು. ನಕಲು ತೆಗೆಯುವಾಗ ಕಸ ಬಿದ್ದಿರಬೇಕು ಅಂತ ಯಾರಿಗಾದರೂ ಅನಿಸುವಷ್ಟು ಸಣ್ಣದು.

"ಇದು ನನ್ನ ಅಕ್ಷರ," ಅಂದಳು. "ಮೂರು, ಬೆ. ಮೂರು ಐವತ್ತು. ನಿ."

"ಏನು ಹಾಗಂದ್ರೆ?"

"ಮೂರನೇ ಬೆಲ್ಟು, ಮೂರು ಗಂಟೆ ಐವತ್ತು ನಿಮಿಷ, ನಿಂತಿದೆ. ಪುಸ್ತಕದಲ್ಲಿ ದಿನಾ ಹೀಗೇ ಬರೆಯೋದು. ಬೆಲ್ಟ್ ಓಡ್ತಿದ್ರೆ 'ಓ', ನಿಂತಿದ್ರೆ 'ನಿ'. ಕೈ ತಾನಾಗಿ ಬರೆದುಬಿಡುತ್ತೆ. ಇಲ್ಲೂ ಬರೆದಿದೆ ನೋಡಿ."

ಲಾಯರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ತುಂಬ ಹೊತ್ತು ನೋಡಿದರು. "ಮೂರು ಸಲ ಓದಿದ್ದೆ ಇದನ್ನ. ನನಗೆ ಕಂಡಿರಲಿಲ್ಲ," ಅಂದರು. ಎಂಬತ್ತಾರನೇ ದಿನ ದೂರು ದಾಖಲಾಯಿತು.

ಮುಂದಿನ ಹಂತದ ಫೀಸಿಗೆ ಗಂಡ ದಾರಿ ಮಾಡಿದ. ವ್ಯಾನಿನ ಹಿಂದಿನ ಎರಡು ಟೈರು ಬದಲಾಯಿಸಬೇಕು ಅಂತ ಕೂಡಿಟ್ಟ ದುಡ್ಡಿತ್ತು. ಅದನ್ನು ತಂದು ಮೇಜಿನ ಮೇಲಿಟ್ಟು, "ಇನ್ನೂ ಆರು ತಿಂಗಳು ಓಡುತ್ತೆ ಬಿಡು," ಅಂದ. ಅಂದವನು ಹೊರಗೆ ಹೋಗಿ ಟೈರುಗಳನ್ನು ಬಗ್ಗಿ ಬಗ್ಗಿ ನೋಡಿದ್ದು ಕಿಟಕಿಯಿಂದ ಕಾಣಿಸಿತು. ಸಂಗತಿ ಕಿವಿಗೆ ಬಿದ್ದ ಮೈದುನ ತನ್ನ ಅಂಗಡಿಯಿಂದ ಎರಡು ಟೈರು ಸಾಲಕ್ಕೆ ಕೊಟ್ಟ. ತಾನು ತಂದಿಟ್ಟ ವಕೀಲರಿಂದ ಆದ ನಷ್ಟಕ್ಕೆ ಅವನು ಮಾಡಿಕೊಂಡ ಪರಿಹಾರ ಅದು.

ವಿಚಾರಣೆಯ ದಿನ ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಕಂಪನಿಯ ಕಡೆಯಿಂದ ಮ್ಯಾನೇಜರ್ ಬಂದಿದ್ದರು. ಅವರ ಪಕ್ಕದಲ್ಲಿ ಆರನೇ ಮಹಡಿಯ ದೊಡ್ಡ ವಕೀಲರು. ಅವರು ಕಣ್ಣಕ್ಕನನ್ನು ಗುರುತು ಹಿಡಿದು ಸಣ್ಣಗೆ ತಲೆಯಾಡಿಸಿದರು.

"ಇದು ನಿಮ್ಮ ಸಹಿ ತಾನೇ?" ಕೇಳಿದರು ಅಧಿಕಾರಿ.

"ನಂದೇ."

"ಹಾಗಾದ್ರೆ ಇನ್ನೇನು?"

"ಸಹಿ ಕೆಳಗಿರೋದನ್ನ ಸ್ವಲ್ಪ ಓದಿ ಸರ್," ಅಂದರು ಲಾಯರಮ್ಮ.

ಅಧಿಕಾರಿ ಹಾಳೆಯನ್ನು ಹತ್ತಿರ ತಂದರು, ದೂರ ಹಿಡಿದರು, ಕೊನೆಗೆ ಡ್ರಾಯರಿನಿಂದ ಭೂತಗನ್ನಡಿ ತೆಗೆದರು. ಕಣ್ಣಕ್ಕ ಅದರ ಅರ್ಥ ಬಿಡಿಸಿ ಹೇಳಿದಳು. ಲಾಯರಮ್ಮ ದನಿ ಏರಿಸದೆ ಮುಂದುವರಿಸಿದರು:

"ಮನೆ ಕಾರಣಕ್ಕೆ ಕೆಲಸ ಬಿಡೋಳು ರಾಜೀನಾಮೆ ಮೇಲೆ ಬೆಲ್ಟ್ ನಂಬರ್ ಯಾಕೆ ಬರೀತಾಳೆ? ಬೆಲ್ಟ್ ನಿಂತಿದ್ದು ಮೂರೂವರೆಗೆ. ಇಪ್ಪತ್ತು ನಿಮಿಷದೊಳಗೆ ಇವಳಿಗೆ ವೈಯಕ್ತಿಕ ಕಾರಣ ಹುಟ್ಟಿಕೊಳ್ತಾ? ಅವತ್ತಿನ ದಾಖಲೆ ಪುಸ್ತಕ ತರಿಸಿ ಸರ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಅದರಲ್ಲಿ ಎಷ್ಟು ಬಾಟಲಿ ಯಾಕೆ ತೆಗೆದುಹಾಕಿದ್ರು ಅನ್ನೋದೂ ಬರೆದಿದೆ."

ಕೊನೆಯ ಮಾತಿಗೆ ಮ್ಯಾನೇಜರ ಮುಖದ ಬಣ್ಣ ಇಳಿಯಿತು. ದೊಡ್ಡ ವಕೀಲರು ಅವರ ಕಿವಿಯಲ್ಲಿ ಏನೋ ಹೇಳಿ, ಎದ್ದು ನಿಂತು, "ಹತ್ತು ನಿಮಿಷ ಕೊಡಿ ಸರ್," ಅಂದರು. ಹತ್ತು ನಿಮಿಷ ನಲವತ್ತಾಯಿತು. ಬಾಗಿಲಾಚೆ ಮ್ಯಾನೇಜರ್ ಫೋನಿನಲ್ಲಿ ಯಾರಿಗೋ ವಿವರಿಸುತ್ತಲೇ ಇದ್ದರು.

ಕಂಪನಿ ಎರಡು ದಾರಿ ಮುಂದಿಟ್ಟಿತು. ವಾಪಸ್ ಕೆಲಸಕ್ಕೆ ಬರಬಹುದು, ಆದರೆ ಬೆಲ್ಟಿನಲ್ಲಿ ಅಲ್ಲ, ಪೆಟ್ಟಿಗೆ ಕಟ್ಟುವ ಕಡೆ. ಇಲ್ಲವಾದರೆ ಒಂಬತ್ತು ತಿಂಗಳ ಸಂಬಳ, ರಾಜೀನಾಮೆ ರದ್ದು, ಹದಿನೇಳು ವರ್ಷದ ಸೇವೆ ತೃಪ್ತಿಕರ ಅಂತ ಪತ್ರ.

ಕಾರಿಡಾರಿನ ಬೆಂಚಿನ ಮೇಲೆ ಕಣ್ಣಕ್ಕ ಲಾಯರಮ್ಮನನ್ನು ಕೇಳಿದಳು: "ನಾನು ಬೆಲ್ಟ್ ನಿಲ್ಲಿಸಿದ್ದು ಸರಿ ಅಂತ ಬರೆದುಕೊಡ್ತಾರಾ?"

"ಇಲ್ಲ. ಅದನ್ನ ಅವರು ಯಾವತ್ತೂ ಬರೆದುಕೊಡಲ್ಲ. ದುಡ್ಡು ಕೊಡಿಸಬಲ್ಲೆ, ಪತ್ರ ಕೊಡಿಸಬಲ್ಲೆ. ಅದು ನನ್ನ ಕೈಲಿ ಆಗಲ್ಲ."

"ಕೋರ್ಟಿಗೆ ಹೋದ್ರೆ?"

"ಎರಡು ವರ್ಷ, ಮೂರು ವರ್ಷ. ಇನ್ನೂ ಎರಡು ತಿಂಗಳ ಸಂಬಳದಷ್ಟು ಫೀಸು. ಅಲ್ಲಿ ನ್ಯಾಯಾಧೀಶರು ಬರೆದರೂ ಬರೆಯಬಹುದು, ಬರೆಯದೇನೂ ಇರಬಹುದು. ತೀರ್ಮಾನ ನಿಮ್ಮದು. ನಾನು ಲೆಕ್ಕ ಹೇಳ್ತೀನಿ ಅಷ್ಟೆ."

ಗಂಡ ಪಕ್ಕದಲ್ಲೇ ನಿಂತಿದ್ದ. ದುಡ್ಡು ತಗೋ ಅಂತ ಅವನ ಮುಖವೇ ಹೇಳುತ್ತಿತ್ತು. ಬಾಯಿ ಮಾತ್ರ ಮುಚ್ಚಿಕೊಂಡಿದ್ದ, ಅದು ಅವಳಿಗೆ ಇಷ್ಟವಾಯಿತು. ಪೆಟ್ಟಿಗೆ ಕಟ್ಟುವ ಕಡೆಯನ್ನು ನೆನೆಸಿಕೊಂಡಳು. ದಿನಾ ಅದೇ ಗೇಟು, ಅದೇ ಸೂಪರ್‌ವೈಸರ್, ಯಾರೋ ನೋಡಿ ಬಿಟ್ಟ ಬಾಟಲಿಗಳನ್ನು ನೋಡದೆ ಕಟ್ಟುವುದು. ಅದು ತನ್ನಿಂದಾಗದು ಅನಿಸಿತು.

"ಒಂಬತ್ತಲ್ಲ, ಹನ್ನೊಂದು ಕೇಳಿ," ಅಂದಳು.

ಲಾಯರಮ್ಮ ಒಳಗೆ ಹೋಗಿ ಹನ್ನೊಂದು ಕೇಳಿದರು. ಹತ್ತೂವರೆ ತಿಂಗಳ ಸಂಬಳಕ್ಕೆ ಮಾತು ಮುಗಿಯಿತು. ಈ ಸಲ ಕಣ್ಣಕ್ಕ ರಾಜಿ ಪತ್ರದ ನಾಲ್ಕು ಪುಟವನ್ನೂ ಸಾಲು ಸಾಲಾಗಿ ಓದಿದಳು. ಅಧಿಕಾರಿ ಎರಡು ಸಲ ಕೆಮ್ಮಿದರು, ಮ್ಯಾನೇಜರ್ ಕುರ್ಚಿಯಲ್ಲಿ ಅತ್ತಿತ್ತ ಹೊರಳಾಡಿದರು. ಮೂರನೇ ಪುಟದಲ್ಲಿ ತಾರೀಕು ತಪ್ಪಾಗಿತ್ತು. ತಿದ್ದಿಸಿ, ಆಮೇಲೆ ಸಹಿ ಹಾಕಿದಳು.

ಚೆಕ್ಕು ಪಾಸಾದ ದಿನ ಕೊನೆಯ ಕಂತು ಕೊಡಲು ಬೀಗದ ಅಂಗಡಿಯ ಮೆಟ್ಟಿಲು ಹತ್ತಿದಳು. ಲಾಯರಮ್ಮ ಎಣಿಸಿಕೊಂಡು ರಸೀದಿ ಹರಿದು ಕೊಟ್ಟರು. ಒಳಗೆ ಇನ್ನೊಬ್ಬರು ಕಾಯುತ್ತಿದ್ದರು, ಹಾಗಾಗಿ ಹೆಚ್ಚು ಮಾತಾಗಲಿಲ್ಲ.

ಅದೇ ವಾರ ಜೊತೆಗಾತಿ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ಹೇಳಿದಳು: ನೋಟಿಸು ಬಂದ ಮೇಲೆ ಆ ದಿನ ಲಾರಿಯಲ್ಲಿ ಹೋಗಿದ್ದ ಮಾಲನ್ನು ಔಷಧಿ ಕಂಪನಿಯ ಗೋದಾಮಿನಿಂದ ವಾಪಸ್ ತರಿಸಿದ್ದರಂತೆ. ಪೆಟ್ಟಿಗೆಗಳು ಅಲ್ಲಿ ಇನ್ನೂ ಒಡೆಯದೆ ಇದ್ದವು. ಎಲ್ಲ ಬಾಟಲಿಯನ್ನೂ ಪುಡಿಮಾಡಿ ಮತ್ತೆ ಕುಲುಮೆಗೆ ಸುರಿದರಂತೆ. ಯಾರೂ ಯಾಕೆ ಅಂತ ಹೇಳಲಿಲ್ಲ, ಯಾರೂ ಕೇಳಲಿಲ್ಲ.

"ಒಂದೂ ಬಿಡದೆ?" ಕೇಳಿದಳು ಕಣ್ಣಕ್ಕ.

"ಒಂದೂ ಬಿಡದೆ. ನಾನೇ ನಿಂತು ನೋಡಿದೆ."

"ಒಳಗೆ ಬಾ," ಅಂದಳು ಕಣ್ಣಕ್ಕ. ಅತ್ತೆ ಯಾರೂ ಹೇಳದೆ ಕಾಫಿಗೆ ನೀರಿಟ್ಟರು.

ಕೆಲಸ ಹುಡುಕುವುದು ಮಾತ್ರ ಸುಲಭವಾಗಲಿಲ್ಲ. ಕೈಯಲ್ಲಿ ತೃಪ್ತಿಕರ ಸೇವೆಯ ಪತ್ರ ಇತ್ತು. ಆದರೂ ಎಲ್ಲ ಕಡೆ ಒಂದೇ ಪ್ರಶ್ನೆ: ಅಲ್ಲಿ ಯಾಕೆ ಬಿಟ್ಟಿರಿ? ಮನೆ ಕಾರಣ ಅನ್ನಬಹುದಿತ್ತು. ಮೈದುನ ಹಾಗೇ ಹೇಳಿ ಅಂತ ಒತ್ತಾಯಿಸಿದ. ಕಣ್ಣಕ್ಕ ಒಪ್ಪಲಿಲ್ಲ. ಮೊದಲ ಕಡೆ ಇದ್ದದ್ದು ಇದ್ದಂತೆ ಹೇಳಿದ್ದಕ್ಕೆ "ತಿಳಿಸ್ತೀವಿ" ಅಂದರು, ತಿಳಿಸಲಿಲ್ಲ. ಎರಡನೇ ಕಡೆ ಮುಖದ ಮೇಲೇ ಬೇಡ ಅಂದರು.

ಮೂರನೆಯದು ಕಣ್ಣಿನ ಹನಿ ತುಂಬುವ ಒಂದು ಸಣ್ಣ ಘಟಕ. ಸಂದರ್ಶನ ಮಾಡಿದವಳು ಕಣ್ಣಕ್ಕನಿಗಿಂತ ಹದಿನೈದು ವರ್ಷ ಚಿಕ್ಕವಳು, ತಲೆಗೆ ನೀಲಿ ಟೋಪಿ.

"ಯಾಕೆ ಬಿಟ್ಟಿರಿ?"

"ಬೆಲ್ಟ್ ನಿಲ್ಲಿಸಿದೆ ಅಂತ ತೆಗೆದರು. ವಕೀಲರನ್ನ ಹಿಡಿದೆ. ರಾಜಿ ಆಯ್ತು."

"ಬೆಲ್ಟ್ ಯಾಕೆ ನಿಲ್ಲಿಸಿದ್ರಿ?"

ಈ ಪ್ರಶ್ನೆಯನ್ನು ಇಷ್ಟು ತಿಂಗಳಲ್ಲಿ ಕಾರ್ಖಾನೆಯವರು ಯಾರೂ ಕೇಳಿರಲಿಲ್ಲ. ಕಣ್ಣಕ್ಕ ಜೋಕಾಲಿ ಅಂದರೇನು ಅಂತ ಬೆರಳಿನಲ್ಲಿ ತೋರಿಸಿ ಹೇಳಿದಳು. ಆ ಹುಡುಗಿ ಪೂರ್ತಿ ಕೇಳಿಸಿಕೊಂಡಳು, ಕಾಗದದಲ್ಲಿ ಏನೋ ಬರೆದುಕೊಂಡಳು. ಸಂಬಳ ಮೊದಲಿಗಿಂತ ಸ್ವಲ್ಪ ಕಮ್ಮಿ, ಬೆಳಿಗ್ಗೆ ಎಂಟಕ್ಕೆ ಇಲ್ಲಿರಬೇಕು, ಟೋಪಿ ಇಲ್ಲೇ ಕೊಡ್ತೀವಿ ಅಂದಳು.

"ಯಾವತ್ತಿಂದ?" ಕೇಳಿದಳು ಕಣ್ಣಕ್ಕ.

"ಸೋಮವಾರದಿಂದ ಬನ್ನಿ."